ಆ ಹಿಂದಿನ ರಾತ್ರಿಯ ಲೆಕ್ಕ ಕೊಡ್ರಿ

ಮುಂಡರಗಿ ಬಸ್ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಬರಬೇಕಾದರೆ ಕಂಡಕ್ಟರ್ ಕೆಳಗಿಳಿಯುತ್ತಾನೆ. ಹಿಂದೆ ನಿಂತು ಸೀಟಿ ಊದುತ್ತಾನೆ. ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯನ್ನು ಏಳಿಸುತ್ತಾನೆ. ಆಮೇಲೇ ಗಾಲಿ ಉರುಳುವುದು.

ಈಗ ದೇವನಹಳ್ಳಿಗೆ ಬನ್ನಿ. 2025ರ ಏಪ್ರಿಲ್ 18. ಮಟಮಟ ಮಧ್ಯಾಹ್ನ ಹನ್ನೆರಡೂ ಕಾಲು. ಕೆಂಪೇಗೌಡರ ಹೆಸರು ಹೊತ್ತ ವಿಮಾನ ನಿಲ್ದಾಣ. ಅಲ್ಲಿ ನಿಂತಿದ್ದ ಇಂಡಿಗೋ ವಿಮಾನದ ಅಡಿಗೆ ಟೆಂಪೊ ಟ್ರಾವೆಲರ್ ನುಗ್ಗಿತು. ಟೆಂಪೊದ ತಲೆ ಜಜ್ಜಿಹೋಯಿತು. ಕತ್ತಲಿರಲಿಲ್ಲ. ವಿಮಾನ ಓಡುತ್ತಿರಲಿಲ್ಲ. ಅಷ್ಟು ದೊಡ್ಡದು ಕಣ್ಣಿಗೆ ಬೀಳಲಿಲ್ಲವೆಂದರೆ ಏನು ಹೇಳೋಣ?

ಯಾರಿಗೂ ಪೆಟ್ಟಾಗಿಲ್ಲ ಎಂದು ನಿಲ್ದಾಣದವರ ಪ್ರಕಟಣೆ ಬಂತು. ಗಾಡಿ ನಮ್ಮದಲ್ಲ, ಮೂರನೆಯವರದು ಎಂದರು. ನಿಮ್ಮ ಬೇಲಿಯೊಳಗೆ, ನಿಮ್ಮ ಪಾಸ್ ಹಿಡಿದು ಓಡಾಡುವ ಗಾಡಿ ಮೂರನೆಯವರದು ಹೇಗಾಯಿತು? ಡ್ರೈವರ್ ತೂಕಡಿಸಿದ ಎಂಬ ಸುದ್ದಿಯೂ ಹಬ್ಬಿತು. ಅಲ್ಲಿಗೆ ಎಲ್ಲರಿಗೂ ನಿರಾಳ. ಬಡವನ ಕೊರಳು ಸಿಕ್ಕಿತಲ್ಲ!

ನಡುಹಗಲಲ್ಲಿ ಒಬ್ಬನಿಗೆ ನಿದ್ದೆ ಬಂದಿದ್ದರೆ, ಹಿಂದಿನ ರಾತ್ರಿ ಅವನು ಮಲಗಿದ್ದನೇ? ಎಷ್ಟು ತಾಸಿನ ಪಾಳಿ? ಯಾರು ಕೇಳಿದರು? ಎರಿ ಹೊಲ ಕೈಕೊಟ್ಟ ವರ್ಷ ಶಿರಹಟ್ಟಿ, ಲಕ್ಷ್ಮೇಶ್ವರದ ನಮ್ಮ ಹುಡುಗರೂ ಬೆಂಗಳೂರಿಗೆ ಹೋಗಿ ಇಂಥದೇ ಗುತ್ತಿಗೆಯ ಸ್ಟೀರಿಂಗ್ ಹಿಡಿಯುತ್ತಾರೆ. ಡಬಲ್ ಡ್ಯೂಟಿ ಒಲ್ಲೆ ಎಂದರೆ ನಾಳೆ ಬರಬೇಡ ಎನ್ನುತ್ತಾರೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಎತ್ತರದ ಟವರಿನಲ್ಲಿ ಕೂತವರ ಕಥೆಯನ್ನೂ ಕೇಳಿ. 2022ರ ಜನವರಿ, ಅದೇ ನಿಲ್ದಾಣ. ದಕ್ಷಿಣದ ರನ್‌ವೇ ಮುಚ್ಚಬೇಕೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದರು. ದಕ್ಷಿಣದ ಟವರಿಗೆ ಹೇಳಲೇ ಇಲ್ಲ! ಪಕ್ಕಪಕ್ಕದ ಎರಡು ರನ್‌ವೇಗಳಿಂದ ಎರಡು ಇಂಡಿಗೋ ವಿಮಾನಗಳು ಒಂದೇ ದಿಕ್ಕಿಗೆ ಎದ್ದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಒಳಗೆ 426 ಜೀವ. ಮೇಲೇರುತ್ತ ಒಂದರತ್ತ ಒಂದು ವಾಲಿದವು. ರಡಾರ್ ಮುಂದಿದ್ದ ನಿಯಂತ್ರಕರೊಬ್ಬರು ಕಂಡು ಬೇರೆ ಬೇರೆ ದಾರಿಗೆ ತಿರುಗಿಸಿದರು. ಇಲ್ಲದಿದ್ದರೆ?

ಅದಕ್ಕಿಂತ ಹೇಸಿಗೆ ಆಮೇಲಿನದು. ಲಾಗ್‌ಬುಕ್ಕಿನಲ್ಲಿ ಒಂದು ಸಾಲಿಲ್ಲ. ವಿಮಾನ ನಿಲ್ದಾಣ ಪ್ರಾಧಿಕಾರ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ವರದಿ ಮಾಡಲಿಲ್ಲ. ಹತ್ತು ದಿನದ ಮೇಲೆ ಪತ್ರಿಕೆ ನೋಡಿ ನಾವು ತಿಳಿದುಕೊಂಡೆವು. ಹತ್ತು ರೂಪಾಯಿ ಟಿಕೆಟ್ ತಪ್ಪಿದರೆ ಗದಗ ಡಿಪೊದ ಕಂಡಕ್ಟರನಿಗೆ ಮೆಮೊ. 426 ಜೀವ ಕೂದಲೆಳೆಯಲ್ಲಿ ಉಳಿದದ್ದನ್ನು ಬರೆಯಲು ನಿಮಗೆ ಪೆನ್ನು ಸಿಗಲಿಲ್ಲವೇ?

ನೆಲದ ಮೇಲೆ ಡಿಕ್ಕಿಯಾದರೆ ಏನಾಗುತ್ತದೆಂದು ಇವರಿಗೆ ಗೊತ್ತಿಲ್ಲವೇ? 1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ಮಂಜು, ಎರಡು ಜಂಬೊ ವಿಮಾನ, ರೇಡಿಯೊದಲ್ಲಿ ತಪ್ಪಾಗಿ ತಿಳಿದ ಮಾತು. 583 ಹೆಣ. ಅದೇ ತಾರೀಖಿಗೆ, 2024ರಲ್ಲಿ, ಕೋಲ್ಕತ್ತದಲ್ಲಿ ಇಂಡಿಗೋ ವಿಮಾನದ ರೆಕ್ಕೆ ಅಲ್ಲೇ ನಿಂತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ ಉಜ್ಜಿತು. ಇಬ್ಬರು ಪೈಲಟ್‌ಗಳನ್ನು ಡ್ಯೂಟಿಯಿಂದ ಇಳಿಸಿದರು.

ನಾವೇನು ಕಡಿಮೆಯೇ? ಗದಗ-ಬೆಟಗೇರಿಯಿಂದ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುತ್ತೇವೆ. ಅರ್ಧ ತಾಸು ತಡವಾದರೆ ಕೌಂಟರ್ ಮುಂದೆ ಕೂಗಾಡುತ್ತೇವೆ. ರೆಕ್ಕೆಯಡಿ ಗಾಡಿ ಓಡಿಸುವವನು ಉಂಡನೇ, ಮಲಗಿದನೇ ಎಂದು ಒಂದು ದಿನವಾದರೂ ಕೇಳಿದ್ದೇವೆಯೇ?

ಈಗ ಕೇಳುತ್ತಿದ್ದೇನೆ. ಆ ಏಪ್ರಿಲ್ 17ರ ರಾತ್ರಿ ಟೆಂಪೊ ಡ್ರೈವರನ ಡ್ಯೂಟಿ ಚಾರ್ಟಿನಲ್ಲಿ ಏನಿತ್ತು? ಸಹಿ ಹಾಕಿದವರು ಯಾರು? ಆ ಹಾಳೆಯನ್ನು ಹೊರಗೆ ತೆಗೀರಿ.