ಮೋಟಾರು ಗಾಡಿಯ ಒಳಗಣ ಬಣ್ಣ

ನಮ್ಮ ವಾಚಕರಾದ ಗೃಹಿಣಿಯೊಬ್ಬರು ಕಳೆದ ತಿಂಗಳು ಕಾಗದ ಬರೆದು ಒಂದು ಸಂಗತಿಯನ್ನು ವಿಚಾರಿಸಿದ್ದಾರೆ. ಅವರ ಮನೆಯ ಮೋಟಾರು ಗಾಡಿಗೆ ಈಗ 11 ವರ್ಷ. ಯಂತ್ರವು ದೃಢವಾಗಿದೆ, ಹೊರಮೈಯೂ ಕಣ್ಣಿಗೆ ಹಿತವಾಗಿಯೇ ಇದೆ. ಆದರೆ ಒಳಗೆ ಕುಳಿತೊಡನೆ ಮನಸ್ಸಿಗೆ ಬೇಸರವಾಗುತ್ತದೆಯಂತೆ. ಗೇರಿನ ಸುತ್ತಣ ಬೆಳ್ಳಿಯ ಬಣ್ಣವು ಉಂಗುರ ಬಳೆಗಳು ತಗುಲಿ ತಗುಲಿ ಚಕ್ಕೆಯೆದ್ದಿದೆ. ಬಾಗಿಲಿನ ಹಿಡಿಯು ಬೆಲ್ಲ ಸವರಿದಂತೆ ಕೈಗೆ ಅಂಟುತ್ತದೆ. ದುರಸ್ತಿಯವರು ಎಲ್ಲವನ್ನೂ ಹೊಸದಾಗಿ ಹಾಕಿಸಬೇಕೆಂದು ಹೇಳಿದ ಕ್ರಯವನ್ನು ಕೇಳಿ ಯಜಮಾನರು, "ಇದಕ್ಕಿಂತ ಗಾಡಿಯನ್ನೇ ಮಾರಿಬಿಡೋಣ" ಎಂದರಂತೆ. ಇದನ್ನು ಮನೆಯಲ್ಲಿಯೇ ಸರಿಪಡಿಸಿಕೊಳ್ಳಲಾಗದೆ ಎಂಬುದು ಆ ತಾಯಿಯ ಪ್ರಶ್ನೆ.

ಆಗುತ್ತದೆ ಎಂಬುದೇ ನಮ್ಮ ಉತ್ತರ. ಆದರೆ ಗಾಡಿಯ ಒಳಗೆ ಬಣ್ಣ ಸೋಕಿಸಲೇಕೂಡದ ಕೆಲವು ಜಾಗಗಳುಂಟು. ಬಣ್ಣ ನಿಲ್ಲಬೇಕಾದರೆ ತಪ್ಪಿಸಬಾರದ ಕೆಲವು ಕ್ರಮಗಳೂ ಉಂಟು. ನಾವು ಈ ಕೆಲಸವನ್ನು ಎರಡು ಸಲ ಮಾಡಿದವರು. ಮೊದಲನೆಯ ಸಲ ಕೆಟ್ಟಿತು. ಆದಕಾರಣ ಮುಂದೆ ಬರೆಯುವುದರಲ್ಲಿ ಅರ್ಧ ಭಾಗವು ನಮ್ಮ ತಪ್ಪುಗಳಿಂದ ಕಲಿತದ್ದೆಂದು ವಾಚಕರು ತಿಳಿಯಬೇಕು.

ಗಾಡಿಗೆ ಬಣ್ಣ ಹೊಡೆಯುವುದು ಮನೆಯವರ ಕೈಗೆ ಎಟುಕಿದ್ದು ಬಹಳ ಹಿಂದಿನ ಮಾತಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗಾಡಿಯ ಬಣ್ಣವು ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1923-24ರಲ್ಲಿ ಅಮೆರಿಕೆಯ ಡುಪಾಂಟ್ ಸಂಸ್ಥೆಯವರ ಡ್ಯೂಕೋ ಎಂಬ ಅರಗಿನ ಜಾತಿಯ ಬಣ್ಣವು ಬಂದ ಮೇಲೆ ಅದು ಗಂಟೆಗಳ ಕೆಲಸವಾಯಿತು. ಡಬ್ಬಿಯ ತಲೆಯನ್ನು ಒತ್ತಿದರೆ ತುಂತುರಾಗಿ ಸಿಡಿಯುವ ಬಣ್ಣವಂತೂ 1949ರದು. ಅಮೆರಿಕೆಯ ಇಲಿನಾಯ್ ಪ್ರಾಂತದಲ್ಲಿ ಬಣ್ಣದ ವ್ಯಾಪಾರಿಯಾಗಿದ್ದ ಎಡ್ವರ್ಡ್ ಸೇಮೂರ್ ಎಂಬಾತನು ತನ್ನ ಅಲ್ಯೂಮಿನಿಯಮ್ ಬಣ್ಣವನ್ನು ಗಿರಾಕಿಗಳಿಗೆ ತೋರಿಸಲು ಇದನ್ನು ಮಾಡಿದನು. ಹಾಗೆ ಮಾಡಿರೆಂದು ಸೂಚಿಸಿದವಳು ಅವನ ಹೆಂಡತಿ ಬಾನಿ. ಬುದ್ಧಿ ಹೇಳಿದವಳು ಮನೆಯಾಕೆ, ಹೆಸರು ಪಡೆದವನು ಯಜಮಾನ. ಇದು ಎಲ್ಲ ದೇಶಗಳಲ್ಲಿಯೂ ಉಂಟು.

ಈಗ ಮುಖ್ಯವಾದ ಮಾತು. ಸ್ಟಿಯರಿಂಗ್ ಚಕ್ರದ ನಡುವಣ ಮುಚ್ಚಳ, ಮುಂದಿನ ಪೀಠದಲ್ಲಿ ಕುಳಿತವರ ಎದುರಿಗೆ ಡ್ಯಾಷ್‌ಬೋರ್ಡಿನ ಮೇಲಿರುವ ಹಲಗೆ, ಗಾಜಿನ ಇಕ್ಕೆಲದ ಕಂಬಗಳ ಮುಚ್ಚಳ, ಪೀಠದ ಪಕ್ಕ, ಇವುಗಳಲ್ಲಿ ಎಲ್ಲಿಯಾದರೂ ಏರ್‌ಬ್ಯಾಗ್ ಎಂದಾಗಲಿ ಎಸ್.ಆರ್.ಎಸ್. ಎಂದಾಗಲಿ ಅಚ್ಚೊತ್ತಿದ್ದರೆ ಆ ಭಾಗಕ್ಕೆ ಬಣ್ಣ ಹೊಡೆಯಲೇಕೂಡದು. ನಮ್ಮ ದೇಶದ ಹೊಸ ಕಾರುಗಳಲ್ಲಿ 2019ರ ಜುಲೈ ತಿಂಗಳಿಂದ ಚಾಲಕನಿಗೂ, 2021ರಿಂದ ಹಂತಹಂತವಾಗಿ ಅವನ ಪಕ್ಕದವರಿಗೂ ಈ ಗಾಳಿಚೀಲವು ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ಅನೇಕ ಗಾಡಿಗಳಲ್ಲಿಯೂ ಇರುವುದುಂಟು. ಅಪಘಾತವಾದಾಗ ಚೀಲವು ಕಣ್ಣು ರೆಪ್ಪೆ ಬಡಿಯುವುದರೊಳಗಾಗಿ ಉಬ್ಬಿ ಹೊರಗೆ ಬರಬೇಕು. ಅದಕ್ಕಾಗಿ ಮುಚ್ಚಳದ ಹಿಂಬದಿಯಲ್ಲಿ ಒಂದು ಗೆರೆಯನ್ನು ತೆಳ್ಳಗೆ ಮಾಡಿ, ಅದೇ ಗೆರೆಯಲ್ಲಿ ಒಡೆಯುವಂತೆ ಅಳತೆಯಿಟ್ಟು ರಚಿಸಿರುತ್ತಾರೆ. ಅದರ ಮೇಲೆ ನಾವು ನಾಲ್ಕು ಪದರ ಬಣ್ಣ ಹೊಡೆದರೆ ಅದು ಒಡೆಯುವ ಬಗೆಯು ಬದಲಾಗಬಹುದು. ಒಣಗಿದ ಬಣ್ಣದ ಚಕ್ಕೆಗಳು ಕುಳಿತವರ ಮುಖಕ್ಕೆ ಸಿಡಿಯಬಹುದು. ಅಂದಕ್ಕಾಗಿ ಕಣ್ಣನ್ನು ಪಣವಿಡುವುದು ಸಲ್ಲದು. ಹಳದಿ ಬಣ್ಣದ ಕೊಂಡಿಯುಳ್ಳ ತಂತಿಯು ಎಲ್ಲಿ ಕಂಡರೂ ಅದು ಈ ಚೀಲಗಳಿಗೆ ಸೇರಿದ್ದೆಂದು ತಿಳಿದು, ಅದನ್ನು ಬಿಚ್ಚದೆ, ಎಳೆಯದೆ ಕೈ ಹಿಂದಕ್ಕೆ ತೆಗೆಯುವುದು. ಗುಂಡಿಗಳ ಮೇಲೆ ಬಣ್ಣ ಹೊಡೆದರೆ ಅವುಗಳ ಗುರುತುಗಳು ಅಳಿದುಹೋಗುತ್ತವೆ. ಕಾಲಿನ ಪೆಡಲುಗಳೂ ಚಕ್ರದ ಹಿಡಿತವೂ ಜಾರುವಂತಾಗಬಾರದು, ಅವೂ ಬೇಡ. ಉಳಿದದ್ದು ಯಾವುದು? ಗೇರಿನ ಸುತ್ತಣ ಚೌಕಟ್ಟು, ರೇಡಿಯೋದ ಸುತ್ತಣ ಪಟ್ಟಿ, ಗಾಳಿ ಬರುವ ಕಿಂಡಿಗಳ ಅಂಚು, ಬಾಗಿಲಿನ ಹಿಡಿ, ಕಿಟಕಿಯ ಗುಂಡಿಗಳನ್ನು ಕೂರಿಸಿದ ತಟ್ಟೆ. ಇಷ್ಟರಿಂದಲೇ ಗಾಡಿಯ ಒಳಗಿನ ಮುಖವು ಬದಲಾಗುತ್ತದೆ.

ಬಾಗಿಲಿನ ಹಿಡಿಯು ಅಂಟುತ್ತದೆಂದು ಬರೆದಿದ್ದಾರಷ್ಟೆ, ಅದು ಕೊಳೆಯಲ್ಲ. ಮುಟ್ಟಲು ಮೃದುವಾಗಿರಲೆಂದು ಕೆಲವು ಭಾಗಗಳಿಗೆ ಕಾರ್ಖಾನೆಯಲ್ಲಿಯೇ ರಬ್ಬರಿನಂತಹ ಒಂದು ಲೇಪವನ್ನು ಕೊಟ್ಟಿರುತ್ತಾರೆ. ಅದು ಬಹುಮಟ್ಟಿಗೆ ಪಾಲಿಯುರೆಥೇನ್ ಜಾತಿಯದು. ಸೆಖೆಯೂ ಹವೆಯ ತೇವವೂ ಸೇರಿ ವರ್ಷಾಂತರದಲ್ಲಿ ಅದರ ಸೂಕ್ಷ್ಮವಾದ ಸರಪಳಿಗಳನ್ನು ಕಡಿಯುತ್ತವೆ. ಆಗ ಅದು ಕರಗಿದ ಅಂಟಾಗುತ್ತದೆ. ಕರಾವಳಿಯ ಮನೆಗಳವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ. ಇದರ ಮೇಲೆ ಹೊಸ ಬಣ್ಣ ಹೊಡೆಯುವುದು ಕೆಸರಿನ ಮೇಲೆ ಸುಣ್ಣ ಬಳಿದಂತೆ. ಔಷಧದ ಅಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಯ ಬಟ್ಟೆಗೆ ಹಾಕಿಕೊಂಡು, ಸಹನೆಯಿಂದ ಉಜ್ಜಿ ಉಜ್ಜಿ, ಕೆಳಗಿನ ಗಟ್ಟಿಯಾದ ಪ್ಲಾಸ್ಟಿಕ್ಕು ಕಾಣುವವರೆಗೆ ತೆಗೆಯಬೇಕು. ಒಂದು ಹಿಡಿಗೆ ಅರ್ಧ ಗಂಟೆಯಾದರೂ ಹಿಡಿದೀತು. ಅನೇಕ ವೇಳೆ ಆ ಅಂಟು ಹೋದ ಬಳಿಕ ಕೆಳಗಿನ ಕಪ್ಪು ಪ್ಲಾಸ್ಟಿಕ್ಕೇ ಸಾಕಷ್ಟು ಚೆನ್ನಾಗಿರುವುದರಿಂದ ಬಣ್ಣದ ಅಗತ್ಯವೇ ಬೀಳುವುದಿಲ್ಲ. ಕೈತೊಳೆಯುವ ಸ್ಯಾನಿಟೈಸರಿನಲ್ಲಿಯೂ ಆಲ್ಕೊಹಾಲ್ ಇದೆಯಲ್ಲಾ ಎಂದು ಅದನ್ನು ಬಳಸಬಾರದು. ಚರ್ಮಕ್ಕೆ ಹಿತವಾಗಲೆಂದು ಬೆರೆಸಿದ ಗ್ಲಿಸರಿನ್ ಮುಂತಾದುವು ಪ್ಲಾಸ್ಟಿಕ್ಕಿನ ಮೇಲೆ ಉಳಿಯುತ್ತವೆ. ಉಗುರುಬಣ್ಣವನ್ನು ತೆಗೆಯುವ ದ್ರವವಂತೂ ಬೇಡವೇ ಬೇಡ. ಅದರಲ್ಲಿರುವ ಅಸಿಟೋನ್ ಕೆಲವು ಪ್ಲಾಸ್ಟಿಕ್ಕುಗಳನ್ನೇ ಕರಗಿಸಿಬಿಡುತ್ತದೆ.

ಭಾಗಗಳನ್ನು ಗಾಡಿಯಿಂದ ಬಿಚ್ಚಿ ಹೊರಗೆ ತಂದೇ ಬಣ್ಣ ಹೊಡೆಯತಕ್ಕದ್ದು. ಅಲ್ಲಿಯೇ ಕಾಗದ ಮುಚ್ಚಿ ಹೊಡೆಯುತ್ತೇವೆಂಬುವರು ಗಾಜು, ಪೀಠ, ಕೊನೆಗೆ ತಮ್ಮ ಅಂಗಿ, ಎಲ್ಲಕ್ಕೂ ಹೊಡೆದುಕೊಳ್ಳುತ್ತಾರೆ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ ಕೆಲವು ನಿಮಿಷ ಕಾಯುವುದು. ಮುಂಜಾನೆಯ ಚಳಿಯಲ್ಲಿ ಪ್ಲಾಸ್ಟಿಕ್ಕಿನ ಕೊಕ್ಕೆಗಳು ಪೆಡಸಾಗಿ ಮುರಿಯುತ್ತವೆ; ಗಾಡಿಯು ಸ್ವಲ್ಪ ಹೊತ್ತು ಬಿಸಿಲು ಕಾಯ್ದ ಬಳಿಕ ಬಿಚ್ಚಿದರೆ ಬಾಗಿಕೊಟ್ಟು ಬರುತ್ತವೆ. ತಿರುಪುಳಿಯಿಂದ ಮೀಟಿದರೆ ಅಂಚಿನಲ್ಲಿ ಹಲ್ಲಿನ ಗುರುತು ಬೀಳುವುದು; ಬಿದಿರಿನ ತೆಳ್ಳನೆಯ ಚೂರಾಗಲಿ ಬಟ್ಟೆ ಸುತ್ತಿದ ಅಳತೆಪಟ್ಟಿಯಾಗಲಿ ಸಾಕು. ಪ್ರತಿಯೊಂದು ಹಂತದಲ್ಲಿಯೂ ಮೊಬೈಲಿನಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸ್ಕ್ರೂಗಳನ್ನು ನಾವು ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಭಾಗಕ್ಕೊಂದರಂತೆ ಹಾಕಿಟ್ಟೆವು. ಅಡಿಗೆಮನೆಯವರ ಅಪ್ಪಣೆ ಪಡೆದೇ ತೆಗೆದುಕೊಂಡಿದ್ದೆವೆಂದು ಇಲ್ಲಿ ದಾಖಲು ಮಾಡುತ್ತೇವೆ.

ಬಿಚ್ಚಿದ ಭಾಗದ ಬೆನ್ನನ್ನು ತಿರುಗಿಸಿ ನೋಡಿದರೆ ಸಣ್ಣ ಅಕ್ಷರಗಳು ಅಚ್ಚೊತ್ತಿರುವುವು. ಎ.ಬಿ.ಎಸ್. ಎಂದಿದ್ದರೆ ಅದೃಷ್ಟ; ಅದು ಬಣ್ಣವನ್ನು ಚೆನ್ನಾಗಿ ಹಿಡಿಯುವ ಜಾತಿ. ಪಿ.ಪಿ. ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಅದರ ಮೈಗೆ ಎಣ್ಣೆ ಹಚ್ಚಿದಂತಹ ಸ್ವಭಾವವಿರುವುದರಿಂದ ಸಾಮಾನ್ಯವಾದ ಬಣ್ಣವು ಒಣಗಿದ ಮೇಲೆ ಹಾವಿನ ಪೊರೆಯಂತೆ ಸುಲಿದುಬರುತ್ತದೆ. ಇದಕ್ಕೆ ಅಡ್ಹೀಷನ್ ಪ್ರಮೋಟರ್ ಎಂಬ ಹಿಡಿತದ ದ್ರವ್ಯವನ್ನು ಮೊದಲು ತೆಳ್ಳಗೆ ಕೊಡಬೇಕು. ಚೂರೊಂದನ್ನು ಕೆತ್ತಿ ನೀರಿನಲ್ಲಿ ಹಾಕಿ, ತೇಲಿದರೆ ಪಿ.ಪಿ., ಮುಳುಗಿದರೆ ಎ.ಬಿ.ಎಸ್. ಎಂದು ಹೇಳುವವರುಂಟು. ಬರಿಯ ಪಾಲಿಪ್ರೊಪಿಲೀನಿಗೆ ಇದು ನಿಜ. ಆದರೆ ಗಾಡಿಯ ಭಾಗಗಳಲ್ಲಿ ಅದಕ್ಕೆ ಸೀಮೆಸುಣ್ಣದ ಪುಡಿಯಂತಹ ಟಾಲ್ಕನ್ನು ಬೆರೆಸುವ ರೂಢಿಯಿದೆ; ನೂರಕ್ಕೆ 20 ಪಾಲು ಬೆರೆಸಿದರೆ ಅದೂ ಮುಳುಗುತ್ತದೆ. ಆದುದರಿಂದ ಅಕ್ಷರವನ್ನೇ ನಂಬುವುದು ಲೇಸು.

ನಮ್ಮ ಮೊದಲ ಪ್ರಯತ್ನವು ಕೆಟ್ಟದ್ದು ಇಲ್ಲಿಯೇ. ನಮ್ಮ ಗಾಡಿಯ ಒಳಭಾಗಕ್ಕೆ ವರ್ಷಗಟ್ಟಲೆ ಹೊಳಪಿನ ಎಣ್ಣೆಯನ್ನು ಒರೆಸುತ್ತ ಬಂದಿದ್ದೆವು. ಅದರಲ್ಲಿ ಸಿಲಿಕೋನ್ ಇರುತ್ತದೆಂಬುದು ನಮಗೆ ಅಂದು ತಿಳಿಯದು. ಒದ್ದೆಬಟ್ಟೆಯಲ್ಲಿ ಒರೆಸಿ ಬಣ್ಣ ಹೊಡೆದೆವು. ಹೊಡೆದ ಅರೆನಿಮಿಷದಲ್ಲಿಯೇ ಬಣ್ಣವು ಅಲ್ಲಲ್ಲಿ ಹಿಂಜರಿದು, ಮೀನಿನ ಕಣ್ಣುಗಳಂತೆ ದುಂಡು ಗುಳಿಗಳು ಎದ್ದವು. ಮೇಲೆ ಇನ್ನೂ ದಪ್ಪನಾಗಿ ಹೊಡೆದು ಮುಚ್ಚಿದೆವು! ಅದು ಶ್ರಾವಣದ ಮಳೆಗಾಲ ಬೇರೆ. ಬಣ್ಣದ ದ್ರಾವಕವು ಆವಿಯಾಗುವಾಗ ಮೈಯನ್ನು ತಣ್ಣಗೆ ಮಾಡುವುದರಿಂದ ಹವೆಯ ತೇವವು ಅದರ ಮೇಲೆ ಕೂತು, ಕರಿಯ ಬಣ್ಣವು ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಉಳಿದದ್ದು ಮುಂದಿನ ಬೇಸಗೆಯಲ್ಲಿ ಸುಲಿದುಹೋಯಿತು. ಬಿಸಿಲಿನಲ್ಲಿ ನಿಂತ ಗಾಡಿಯ ಡ್ಯಾಷ್‌ಬೋರ್ಡು 70 ಡಿಗ್ರಿಯಷ್ಟು ಕಾಯಬಲ್ಲದು. ಸಡಿಲವಾಗಿ ಹಿಡಿದ ಬಣ್ಣವು ಅದನ್ನು ತಡೆದೀತೆ?

ಎರಡನೆಯ ಸಲ ಮಾಡಿದ ಕ್ರಮವಿದು. ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ಸಾರಿ ತೊಳೆದು ಒಣಗಿಸಿ, ಅನಂತರ ಆಲ್ಕೊಹಾಲಿನಿಂದ ಒರೆಸಿದೆವು. ಜಿಡ್ಡು ಹೋಗುವ ಮೊದಲೇ ಉಜ್ಜಿದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿದಂತಾಗುತ್ತದೆ. ಈ ಕ್ರಮವನ್ನು ಹಿಂದುಮುಂದು ಮಾಡಕೂಡದು. ಬಳಿಕ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿಕೊಂಡು, ಚಕ್ಕೆಯೆದ್ದ ಅಂಚುಗಳನ್ನು 400ರ ಕಾಗದದಿಂದ ಮಟ್ಟಮಾಡಿ, ಇಡೀ ಮೈಯನ್ನು 600 ಅಥವಾ 800ರಿಂದ ಹೊಳಪು ಹೋಗುವವರೆಗೆ ಉಜ್ಜುವುದು. ಉಗುರಿನಿಂದ ಸವರಿದಾಗ ಹಳೆಯ ಬಣ್ಣದ ಅಂಚು ತಡೆಯಬಾರದು. ಕನ್ನಡಿಯಂತೆ ಹೊಳೆಯುವ ಕ್ರೋಮಿನ ಲೇಪವಿದ್ದರೆ ಜೋಕೆ. ಅದು ಒಡೆದ ಕಡೆ ಅಂಚು ಬ್ಲೇಡಿನಂತೆ ಕೈ ಕುಯ್ಯುತ್ತದೆ. ಉಜ್ಜಿದ ಮೇಲೆ ತೊಳೆದು, ಒಣಗಿಸಿ, ಮತ್ತೊಮ್ಮೆ ಆಲ್ಕೊಹಾಲಿನಿಂದ ಒರೆಸಿದ ಬಳಿಕ ಬರಿಗೈಯಿಂದ ಮುಟ್ಟಬಾರದು.

ಸ್ಥಳದ ವಿಷಯದಲ್ಲಿಯೂ ನಮ್ಮದೊಂದು ತಪ್ಪೊಪ್ಪಿಗೆಯಿದೆ. ಆ ಮೊದಲ ಸಲ ಮಳೆಗೆ ಹೆದರಿ ಹಿತ್ತಲ ಕೋಣೆಯಲ್ಲಿ ಕದ ಹಾಕಿಕೊಂಡು ಹೊಡೆದೆವು. ನಮ್ಮ ಮಾತೃಶ್ರೀಯವರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಅವರಿಗೆ ಉಬ್ಬಸದ ತೊಂದರೆ ಮೊದಲಿನಿಂದಲೂ ಉಂಟು. ಸಂಜೆಗೆ ಕೆಮ್ಮು ಹತ್ತಿತು. ರಾತ್ರಿ ಕುಳಿತೇ ಕಳೆದರು. "ಅಲ್ಲವೋ, ನೀನು ಬಣ್ಣ ಹೊಡೆದದ್ದು ಗಾಡಿಗೋ ನನ್ನ ಎದೆಗೋ?" ಎಂದು ಬೆಳಗ್ಗೆ ಅವರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಇನ್ನೆರಡು ದಿನ ವೈದ್ಯರ ಮನೆಗೆ ಓಡಾಡಿದೆವು. ಆದಕಾರಣ ತೆರೆದ ಅಂಗಳದಲ್ಲಿಯೋ ಮಾಳಿಗೆಯ ಮೇಲೆಯೋ, ಗಾಳಿ ಬಿರುಸಾಗಿಲ್ಲದ ಒಣ ಬೆಳಗಿನಲ್ಲಿ, ಮಕ್ಕಳೂ ವೃದ್ಧರೂ ದೂರವಿರುವಾಗ ಮಾತ್ರ ಈ ಕೆಲಸ. ಮೂಗಿಗೆ ಕಟ್ಟುವ ಬಟ್ಟೆಯೂ ಧೂಳಿನ ಮುಸುಕೂ ಬಣ್ಣದ ಹನಿಯನ್ನು ತಡೆದಾವು, ಆವಿಯನ್ನು ತಡೆಯಲಾರವು. ಅದಕ್ಕೆ ಇದ್ದಿಲಿನ ಡಬ್ಬಿಯುಳ್ಳ ಮುಸುಕು ಬೇಕು. ಗಟ್ಟಿಕಾರಕವನ್ನು ಸೇರಿಸಿ ಹೊಡೆಯುವ ಎರಡು ಭಾಗದ ಬಣ್ಣಗಳು ಗಟ್ಟಿಯಾದವೆಂಬುದೇನೋ ನಿಜ; ಆದರೆ ಅವುಗಳಲ್ಲಿರುವ ಐಸೊಸಯನೇಟುಗಳು ಆರೋಗ್ಯವಂತರಿಗೂ ಉಬ್ಬಸವನ್ನು ತರಬಲ್ಲವು. ಅವನ್ನು ಮನೆಯೊಳಗೆ ತರಬಾರದು. ಡಬ್ಬಿಯೊಳಗಿಂದ ಬಣ್ಣವನ್ನು ತಳ್ಳುವ ಅನಿಲವು ಬಹುಮಟ್ಟಿಗೆ ಅಡಿಗೆಯ ಅನಿಲದ ಜಾತಿಯೇ ಆದುದರಿಂದ ಸಮೀಪದಲ್ಲಿ ಒಲೆ, ದೀಪ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಉರಿಯುತ್ತಿರಬಾರದು.

ಹೊಡೆಯುವ ಕೈಚಳಕವು ಒಂದು ಗಂಟೆಯಲ್ಲಿ ಬರುವಂಥದು. ಡಬ್ಬಿಯೊಳಗಿನ ಗುಂಡು ಗಲಗಲನೆ ಸದ್ದುಮಾಡತೊಡಗಿದ ಮೇಲೆ ಇನ್ನೆರಡು ನಿಮಿಷ ಕುಲುಕಬೇಕು. ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ, ಎಂದರೆ 20ರಿಂದ 25 ಸೆಂಟಿಮೀಟರಿನಲ್ಲಿ ಹಿಡಿದು, ವಸ್ತುವಿನ ಆಚೆಯಿಂದಲೇ ಸಿಂಪಡಿಸಲು ತೊಡಗಿ, ಅದನ್ನು ದಾಟಿದ ಮೇಲೆ ಬೆರಳೆತ್ತುವುದು. ಮೊದಲನೆಯ ಪದರವು ಕೆಳಗಿನದು ಕಾಣುವಷ್ಟು ತೆಳ್ಳಗಿರಲಿ. ಇಬ್ಬನಿ ಕೂತಂತಿದ್ದರೆ ಸಾಕು. ಡಬ್ಬಿಯ ಮೇಲೆ ಬರೆದ ಕಾಲವನ್ನು ಅನುಸರಿಸಿ, ಸಾಧಾರಣವಾಗಿ ಹತ್ತು ಹದಿನೈದು ನಿಮಿಷಗಳ ಅಂತರದಲ್ಲಿ, ಮೊದಲು ಪ್ರೈಮರ್, ಆಮೇಲೆ ಮೂರು ತೆಳ್ಳನೆಯ ಪದರ ಬಣ್ಣ, ಕಡೆಗೆ ಎರಡು ಪದರ ಬಣ್ಣವಿಲ್ಲದ ಮೇಲ್ಲೇಪ. ಈ ಮೇಲ್ಲೇಪವನ್ನು ಬಿಟ್ಟರೆ ಬಳೆ ಉಂಗುರಗಳ ಎದುರು ಬಣ್ಣವು ಒಂದು ವರ್ಷವೂ ನಿಲ್ಲದು. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗೆ ಮಾಡಿ ಒಮ್ಮೆ ಒತ್ತಿದರೆ ಬಾಯಿ ಕಟ್ಟಿಕೊಳ್ಳುವುದಿಲ್ಲ.

ಬಣ್ಣದ ಆಯ್ಕೆ ಅವರವರ ಅಭಿರುಚಿ. ಆದರೆ ಮುಂದಿನ ಗಾಜಿಗೆ ಸಮೀಪವಿರುವ ಯಾವ ಭಾಗಕ್ಕೂ ತಿಳಿಯಾದ ಅಥವಾ ಹೊಳೆಯುವ ಬಣ್ಣ ಬೇಡ. ಬಿಸಿಲಿನಲ್ಲಿ ಅದರ ಬಿಂಬವು ಗಾಜಿನಲ್ಲಿ ಮೂಡಿ ಎದುರಿನ ದಾರಿಯನ್ನು ಮರೆಮಾಡುತ್ತದೆ. ಅಲ್ಲಿ ಹೊಳಪಿಲ್ಲದ ಕಪ್ಪೋ ಗಾಢವಾದ ಬೂದಿಯೋ ಯುಕ್ತ. ಕಪ್ಪು ಗಾಜಿನಂತಹ ಹೊಳಪನ್ನು ಈಗ ಅನೇಕರು ಮೆಚ್ಚುತ್ತಾರೆ. ನಮಗೆ ಅದು ಸೇರದು. ಧೂಳಿನ ಒಂದು ಕಣವೂ ಬೆರಳಿನ ಒಂದು ಗುರುತೂ ಅದರಲ್ಲಿ ಅಡಗುವುದಿಲ್ಲ.

ಮುಟ್ಟಿದರೆ ಒಣಗಿದಂತೆ ತೋರುವುದಕ್ಕೆ ಅರ್ಧ ಗಂಟೆ ಸಾಕು. ಮೋಸಹೋಗಬಾರದು. ಒಂದು ದಿನದ ಬಳಿಕ ಕೈಗೆ ತೆಗೆದುಕೊಳ್ಳಬಹುದು, ಒಂದು ವಾರದ ಬಳಿಕ ಗಾಡಿಗೆ ಕೂರಿಸಬಹುದು. ಅಷ್ಟು ದಿನ ಗಾಡಿಯು ಹಲ್ಲು ಬಿದ್ದ ಬಾಯಿಯಂತೆ ಕಾಣುವುದನ್ನು ಮನೆಯವರು ಸಹಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಎರಡನೆಯ ಸಲದ ಕೆಲಸಕ್ಕೆ ಎರಡು ಭಾನುವಾರಗಳೂ ಮೂರು ಡಬ್ಬಿಗಳೂ ಹಿಡಿದವು. ಒಂದು ಕೊಕ್ಕೆ ಮುರಿಯಿತು. ಈಗ ಮೂರು ಬೇಸಗೆ ಕಳೆದಿವೆ. ಗೇರಿನ ಬಲಗಡೆಯ ಮೂಲೆಯಲ್ಲಿ, ಬೀಗದ ಕೈಗೊಂಚಲು ತಗುಲುವ ಕಡೆ, ಎಳ್ಳಿನಷ್ಟು ಬಣ್ಣ ಹೋಗಿದೆ.

ಕಾಗದ ಬರೆದ ತಾಯಿಯವರು ಎಲ್ಲವನ್ನೂ ಒಮ್ಮೆಗೇ ಬಿಚ್ಚುವುದು ಬೇಡ. ಚಿಲ್ಲರೆ ಹಾಕುವ ಪೆಟ್ಟಿಗೆಯ ಮುಚ್ಚಳದಂತಹ ಸಣ್ಣ ಭಾಗವೊಂದನ್ನು ಮೊದಲು ಮಾಡಿ, ವಾರವೊಂದು ಒಣಗಿಸಿ, ಅದರ ಹಿಂಭಾಗದ ಬಣ್ಣದ ಮೇಲೆ ಬ್ಲೇಡಿನಿಂದ ಚೌಕುಳಿಯಾಗಿ ಗೀರಿ, ಅಂಟುಪಟ್ಟಿಯನ್ನು ಒತ್ತಿ ಹಚ್ಚಿ ಒಮ್ಮೆಗೇ ಎಳೆದು ನೋಡಲಿ. ಪಟ್ಟಿಗೆ ಬಣ್ಣ ಅಂಟಿ ಬಾರದಿದ್ದರೆ ಮರುದಿನ ಗೇರಿನ ಚೌಕಟ್ಟಿಗೆ ಕೈ ಹಾಕಬಹುದು.