ಕೊನೆ ಮೊದಲೇ ಗೊತ್ತಿದ್ದರೇನಂತೆ?

ಅಲಿಸನ್ ಎಸ್ಪಾಕ್ ಅವರ ‘ದಿ ವೆಡ್ಡಿಂಗ್ ಪೀಪಲ್’ (2024) ಕಾದಂಬರಿಯ ಬಗ್ಗೆ ನನ್ನ ಗೆಳತಿಯರದು ಒಂದೇ ತಕರಾರು: ಅರ್ಧಕ್ಕೆ ಬರುವ ಮೊದಲೇ ಕೊನೆ ತಿಳಿದುಬಿಡುತ್ತದೆ. ನಿಜ. ಮದುಮಗ ಗ್ಯಾರಿಯ ಮನಸ್ಸು ಯಾರತ್ತ ವಾಲುತ್ತದೆ, ಮದುವೆ ನಡೆಯುತ್ತದೋ ಇಲ್ಲವೋ ಎಲ್ಲವನ್ನೂ ನಾನೂ ಊಹಿಸಿದ್ದೆ, ಹಾಗೇ ಆಯಿತು. ಆದರೂ ಈ ಪುಸ್ತಕ ಓದಿ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಫೀಬಿ ಸ್ಟೋನ್ ಸೇಂಟ್ ಲೂಯಿಸ್‌ನಲ್ಲಿ ಕಾಲೇಜು ಹುಡುಗರಿಗೆ ಸಾಹಿತ್ಯ ಪಾಠ ಹೇಳುವವಳು. ಮಗುವಿಗಾಗಿ ಪಟ್ಟ ಪಾಡು, ಐವಿಎಫ್ ಚಿಕಿತ್ಸೆ ಯಾವುದೂ ಫಲಿಸಲಿಲ್ಲ. ಗಂಡ ಬೇರೊಬ್ಬಳ ಜತೆ ಹೋದ. ಸಾಕಿದ ಬೆಕ್ಕೂ ಸತ್ತಿತು. ಬದುಕು ಸಾಕೆಂದು ನಿಶ್ಚಯಿಸಿ, ಹಸಿರು ಉಡುಪು ತೊಟ್ಟು, ರೋಡ್ ಐಲೆಂಡ್‌ನ ನ್ಯೂಪೋರ್ಟ್ ಎಂಬ ಕಡಲೂರಿನ ದುಬಾರಿ ಹೋಟೆಲಿಗೆ ಬಂದಿಳಿಯುತ್ತಾಳೆ. ಅಲ್ಲಿ ಅವಳೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಒಂದೇ ಮದುವೆಗೆ ಬಂದವರು.

ಲಿಫ್ಟಿನಲ್ಲಿ ಸಿಕ್ಕ ಮದುಮಗಳು ಲೈಲಾಗೆ ಫೀಬಿ ತಾನು ಬಂದದ್ದೇಕೆಂದು ಇದ್ದಹಾಗೆ ಹೇಳಿಬಿಡುತ್ತಾಳೆ. ಲೈಲಾಗೆ ಬರುವುದು ಕನಿಕರವಲ್ಲ, ಸಿಟ್ಟು. ತನ್ನ ಮದುವೆಯ ವಾರದಲ್ಲಿ ಇಂಥದ್ದೆಲ್ಲ ನಡೆಯಕೂಡದು! ಕನಿಕರ ತೋರಿಸಿದ್ದರೆ ಫೀಬಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು ಅನಿಸುತ್ತದೆ. ಸಿಟ್ಟಿನಿಂದ ಮಾತು ಬೆಳೆಯಿತು, ಮಾತಿನ ಹಿಂದೆ ಕೆಲಸವೂ ಬಂತು. ಗಂಡ ಬಿಟ್ಟ, ಮಕ್ಕಳಿಲ್ಲದ, ಯಾರ ನೆಂಟಳೂ ಅಲ್ಲದ ಹೆಂಗಸು ಮದುಮಗಳ ಪಕ್ಕದಲ್ಲೇ ನಿಲ್ಲುವವಳಾಗುತ್ತಾಳೆ.

ಇದನ್ನು ಓದುವಾಗ ಚಿಕ್ಕಮ್ಮ ಕಣ್ಣೆದುರು ಬಂದಳು. ಚಿಕ್ಕಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಮದುವೆಗಳಲ್ಲಿ ಅವಳ ಜಾಗ ಉಗ್ರಾಣ. ಯಾರೂ ‘ಒಳಗಿರು’ ಎನ್ನಲಿಲ್ಲ. ‘ನಿನ್ನಷ್ಟು ಅಚ್ಚುಕಟ್ಟಾಗಿ ಇನ್ಯಾರು ನೋಡ್ಕೋತಾರೆ’ ಎಂದು ಬೀಗದ ಕೈ ಕೊಟ್ಟರು. ಹೊರಗೆ ಗಟ್ಟಿಮೇಳ ಮೊಳಗುವಾಗ ಅವಳು ನೆಲದ ಮೇಲೆ ಕಾಲು ಚಾಚಿ ಕೂತು, ತಾಂಬೂಲದ ಚೀಲಗಳಿಗೆ ಒಂದೊಂದೇ ತೆಂಗಿನಕಾಯಿ ಹಾಕುತ್ತಿದ್ದಳು. ಅಕ್ಷತೆಯ ತಟ್ಟೆ ಆ ಬಾಗಿಲವರೆಗೆ ಬರುತ್ತಿರಲಿಲ್ಲ.

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ ಗುಣವಾಗಿ ಆಸ್ಪತ್ರೆಯಿಂದ ಬಂದರೂ ಮನೆಯವರ ಕಣ್ಣಿಗೆ ರೋಗಿಯೇ. ಹಳೆಯದನ್ನೆಲ್ಲ ಬಲ್ಲವರ ನಡುವೆ ಹೊಸದಾಗಿ ಬದುಕುವುದು ಎಷ್ಟು ಕಷ್ಟ ಎಂದು ನಮಗೆ ತೋರಿಸಿಕೊಟ್ಟವರು ತ್ರಿವೇಣಿ. ಫೀಬಿಯ ಅದೃಷ್ಟವೆಂದರೆ ಆ ಹೋಟೆಲಿನಲ್ಲಿ ಅವಳ ಹಿಂದಿನದು ಯಾರಿಗೂ ಗೊತ್ತಿರಲಿಲ್ಲ.

ಗ್ಯಾರಿಯನ್ನು ಅಷ್ಟು ಒಳ್ಳೆಯವನನ್ನಾಗಿ ಮಾಡಬೇಕಿರಲಿಲ್ಲ, ಅದು ನನ್ನ ಆಕ್ಷೇಪ. ಆದರೆ ಫೀಬಿ ಹೊಸದಾಗಿ ಕಾಲೂರುವುದು ಅವನ ಆಸರೆಯಿಂದಲ್ಲ. ಅದೇ ಊರಿನ ಹಳೇ ಬಂಗಲೆಯೊಂದನ್ನು ಚಳಿಗಾಲದಲ್ಲಿ ನೋಡಿಕೊಳ್ಳುವ ಕೆಲಸ ಹಿಡಿಯುತ್ತಾಳೆ. ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಬರುವ ಮಾಘದಲ್ಲಿ ಅಣ್ಣನ ಮಗಳ ಮದುವೆ. ಮೊದಲ ಅರಿಶಿನ ಚಿಕ್ಕಮ್ಮನೇ ಹಚ್ಚಲಿ ಎಂದಿದ್ದೇನೆ. ಹುಡುಗಿಗೆ ಖುಷಿಯೋ ಖುಷಿ, ಅಣ್ಣನೂ ಒಪ್ಪಿದ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ. ಭಾನುವಾರ ಮತ್ತೆ ಹೋಗಿ ಅವರೊಂದಿಗೆ ಕೂತು ಮಾತಾಡುತ್ತೇನೆ.