ತಡೆಯುವ ತಂಡವೇ ಬೆಲೆ ತೆರಲಿ

2017ರ ಜನವರಿಯಲ್ಲಿ ಅಮೆರಿಕದ ಫುಟ್‌ಬಾಲ್ ತಂಡ ನ್ಯೂಯಾರ್ಕ್ ಜೆಟ್ಸ್, ಫಿಲಡೆಲ್ಫಿಯಾ ಈಗಲ್ಸ್ ತಂಡದ ಅನುಮತಿ ಕೇಳಿತು. ಈಗಲ್ಸ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಅಂದರೆ ಚೆಂಡೆಸೆದು ಆಕ್ರಮಣ ಮುನ್ನಡೆಸುವ ಆಟಗಾರರಿಗೆ ತರಬೇತಿ ಕೊಡುತ್ತಿದ್ದ ಜಾನ್ ಡಿಫಿಲಿಪ್ಪೊ ಅವರನ್ನು ಸಂದರ್ಶನಕ್ಕೆ ಕರೆದು, ಸರಿ ಕಂಡರೆ ತನ್ನ ಆಕ್ರಮಣ ವಿಭಾಗದ ಕೋಆರ್ಡಿನೇಟರ್ ಆಗಿ ನೇಮಿಸಿಕೊಳ್ಳುವುದು ಜೆಟ್ಸ್‌ ಇರಾದೆ. ಡಿಫಿಲಿಪ್ಪೊ ಅವರಿಗೆ ಅದು ಸ್ಪಷ್ಟ ಬಡ್ತಿ. ಈಗಲ್ಸ್ ಆಗುವುದಿಲ್ಲ ಎಂದಿತು. ಅವರ ಒಪ್ಪಂದದ ಅವಧಿ ಮುಗಿದಿರಲಿಲ್ಲ. ಆಗಿನ ನಿಯಮಕ್ಕೆ ಅಷ್ಟೇ ಸಾಕಿತ್ತು.

ಇದು ನಾವು ಫುಟ್‌ಬಾಲ್ ಎಂದು ಕರೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಇಲ್ಲಿ ಪ್ರತಿಯೊಂದು ನಡೆಯೂ ವಾರವಿಡೀ ಕಾಗದದ ಮೇಲೆ ಬರೆದು ಅಭ್ಯಾಸ ಮಾಡಿದ್ದು. ಹಾಗಾಗಿ ಕೋಚ್‌ಗಳ ಪಡೆ ದೊಡ್ಡದು: ಮೇಲೆ ಮುಖ್ಯ ಕೋಚ್, ಅವರ ಕೆಳಗೆ ಆಕ್ರಮಣ, ರಕ್ಷಣೆ ಮತ್ತು ವಿಶೇಷ ತಂಡಗಳ ಕೋಆರ್ಡಿನೇಟರ್‌ಗಳು, ಅವರ ಕೆಳಗೆ ಒಂದೊಂದು ಸ್ಥಾನದ ಆಟಗಾರರನ್ನು ತಿದ್ದುವ ಕೋಚ್‌ಗಳು. ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡಗಳು. ಮುಖ್ಯ ಕೋಚ್ ಹುದ್ದೆಗಳೂ ಅಷ್ಟೇ. ಏಣಿ ಉದ್ದ, ಮೇಲಿನ ಮೆಟ್ಟಿಲುಗಳು ಬಹಳ ಕಿರಿದು.

ಈಗಲ್ಸ್ ನಿರ್ಧಾರ ಫಲ ಕೊಟ್ಟಿತು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಗಾಯಗೊಂಡರು. ಬದಲಿಯಾಗಿ ಬಂದ ನಿಕ್ ಫೋಲ್ಸ್ 2018ರ ಫೆಬ್ರುವರಿಯಲ್ಲಿ ತಂಡಕ್ಕೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೊದಲ ಬಾರಿಗೆ ಗೆದ್ದುಕೊಟ್ಟರು. ಬದಲಿ ಆಟಗಾರನನ್ನು ಆ ಮಟ್ಟಕ್ಕೆ ಸಿದ್ಧಗೊಳಿಸಿದವರಲ್ಲಿ ಡಿಫಿಲಿಪ್ಪೊ ಒಬ್ಬರು. ಆಮೇಲೆ ಅವರು ಮಿನೆಸೋಟ ವೈಕಿಂಗ್ಸ್‌ಗೆ ಕೋಆರ್ಡಿನೇಟರ್ ಆಗಿ ಹೋದರು. ಆ ಋತು ಮುಗಿಯುವ ಮುನ್ನವೇ, ಡಿಸೆಂಬರ್‌ನಲ್ಲಿ, ವೈಕಿಂಗ್ಸ್ ಅವರನ್ನು ಕೆಲಸದಿಂದ ತೆಗೆಯಿತು.

ಈ ಒಂದೇ ಕಥೆಯಲ್ಲಿ ವಿಷಯದ ತಿರುಳಿದೆ. ತಂಡಕ್ಕೆ ಬೇಡವಾದಾಗ ಕೋಚ್ ಋತುವಿನ ನಡುವೆಯೂ ಹೊರಗೆ. ಕೋಚ್‌ಗೆ ಬೇರೆಡೆ ಬಾಗಿಲು ತೆರೆದಾಗ, ಋತು ಮುಗಿದಿದ್ದರೂ ಹೊರಡುವಂತಿಲ್ಲ. ಒಪ್ಪಂದ ಇಬ್ಬರದು, ಕೀಲಿಕೈ ಮಾತ್ರ ಒಬ್ಬರ ಬಳಿ. ಹಾಗೆಂದು ಕೋಚ್‌ಗಳು ಬರಿಗೈಯಲ್ಲಿ ಹೋಗುತ್ತಾರೆ ಎಂದರೆ ಸುಳ್ಳಾಗುತ್ತದೆ. ತೆಗೆದುಹಾಕಿದ ಕೋಚ್‌ಗೆ ಒಪ್ಪಂದದ ಉಳಿದ ಅವಧಿಯ ಸಂಬಳವನ್ನು ಸಾಮಾನ್ಯವಾಗಿ ತಂಡ ಕೊಡುತ್ತದೆ. ತಂಡದ ಪರವಾಗಿ ಹೇಳಬಹುದಾದ ಬಲವಾದ ಮಾತು ಇದೇ. ಆದರೆ ಸಹಾಯಕ ಕೋಚ್‌ನ ಬದುಕಿನಲ್ಲಿ ಸಂಬಳಕ್ಕಿಂತ ದೊಡ್ಡದು ಸಮಯ. ಅವನ ಆಟಗಾರರು ಮಿಂಚಿದ ವರ್ಷ ಎಲ್ಲರೂ ಅವನತ್ತ ನೋಡುತ್ತಾರೆ. ಎರಡು ವರ್ಷ ಕಳೆದರೆ ಆ ಕಣ್ಣುಗಳು ಬೇರೆಯವರತ್ತ ಹೊರಳಿರುತ್ತವೆ. ಕಳೆದುಹೋದ ಆ ಜನವರಿಯನ್ನು ಯಾವ ಸಂಬಳವೂ ತುಂಬಿಕೊಡುವುದಿಲ್ಲ.

2020ರ ಮೇ ತಿಂಗಳಲ್ಲಿ ತಂಡಗಳ ಮಾಲೀಕರು ನಿಯಮವನ್ನು ಸಡಿಲಿಸಿದರು. ಲೀಗ್ ಪಂದ್ಯಗಳು ಮುಗಿದಂದಿನಿಂದ ಮಾರ್ಚ್ 1ರವರೆಗೆ, ನಿಜವಾದ ಕೋಆರ್ಡಿನೇಟರ್ ಹುದ್ದೆಗೆ ಸಂದರ್ಶನಕ್ಕೆ ಹೋಗುವ ಸಹಾಯಕನನ್ನು ತಡೆಯುವಂತಿಲ್ಲ. ಬದಲಾವಣೆಯ ಹಿಂದೆ ವರ್ಣಭೇದದ ಪ್ರಶ್ನೆ ಇತ್ತು. ಆಟಗಾರರಲ್ಲಿ ಬಹುಪಾಲು ಕಪ್ಪುವರ್ಣೀಯರಾದರೂ ಆ ವರ್ಷ 32 ಮುಖ್ಯ ಕೋಚ್‌ಗಳಲ್ಲಿ ಕಪ್ಪುವರ್ಣೀಯರು ಮೂವರೇ. ಕಪ್ಪುವರ್ಣೀಯ ಕೋಚ್‌ಗಳು ಏಣಿಯ ಕೆಳ ಮೆಟ್ಟಿಲುಗಳಲ್ಲೇ ಸಿಲುಕಿಕೊಂಡಿದ್ದರು. ಮೇಲೇರಲು ಕರೆ ಬಂದವರನ್ನೂ ತಂಡ ಒಂದೇ ಮಾತಿನಲ್ಲಿ ನಿಲ್ಲಿಸಬಹುದಿತ್ತು. ಈ ತಿದ್ದುಪಡಿ ಒಳ್ಳೆಯದೇ. ಆದರೆ ಅದು ಅರ್ಧ ದಾರಿಯಲ್ಲಿ ನಿಂತಿದೆ. ಅದೇ ದರ್ಜೆಯ ಹುದ್ದೆಗೆ ಹೋಗುವವರನ್ನು ಈಗಲೂ ತಡೆಯಬಹುದು. ಹೆಸರಿಗೆ ಅದೇ ದರ್ಜೆ ಇರಬಹುದು, ಕೆಲಸದಲ್ಲಿ ಅಜಗಜಾಂತರ. ಮುಖ್ಯ ಕೋಚೇ ಪಂದ್ಯದಲ್ಲಿ ಎಲ್ಲ ನಡೆಗಳನ್ನು ನಿರ್ಧರಿಸುವ ತಂಡದಲ್ಲಿ ಕೋಆರ್ಡಿನೇಟರ್ ಆಗಿರುವುದು ಬೇರೆ, ಆ ಅಧಿಕಾರ ತನ್ನ ಕೈಗೇ ಸಿಗುವ ತಂಡದಲ್ಲಿ ಕೋಆರ್ಡಿನೇಟರ್ ಆಗುವುದು ಬೇರೆ.

ತಡೆಯನ್ನು ಸಮರ್ಥಿಸುವವರು ಮೊದಲು ಎತ್ತುವುದು ಗುಟ್ಟಿನ ಪ್ರಶ್ನೆ. ಹೋದವನು ನಮ್ಮ ತಂತ್ರಗಳನ್ನೂ ತಲೆಯಲ್ಲಿ ಹೊತ್ತು ಹೋಗುತ್ತಾನಲ್ಲ? ಹೌದು, ಹೊತ್ತು ಹೋಗುತ್ತಾನೆ. 2002ರಲ್ಲಿ ಓಕ್ಲಂಡ್ ರೈಡರ್ಸ್ ತನ್ನ ಮುಖ್ಯ ಕೋಚ್ ಜಾನ್ ಗ್ರುಡೆನ್ ಅವರನ್ನು ಟ್ಯಾಂಪಾ ಬೇ ತಂಡಕ್ಕೆ ಬಿಟ್ಟುಕೊಟ್ಟಿತು; ಮರುವರ್ಷದ ಜನವರಿಯಲ್ಲಿ ಸೂಪರ್ ಬೌಲ್‌ನಲ್ಲಿ ಅದೇ ಗ್ರುಡೆನ್ ಎದುರು 48–21ರಿಂದ ಸೋತಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮುಖ್ಯ ಕೋಚ್ ಬಿಲ್ ಬೆಲಿಚಿಕ್ ಬಳಿ ಪಳಗಿ ಜೆಟ್ಸ್‌ನ ಮುಖ್ಯ ಕೋಚ್ ಆದ ಎರಿಕ್ ಮ್ಯಾಂಜಿನಿ ಇಲ್ಲದಿದ್ದರೆ, ಎದುರಾಳಿಗಳ ಸನ್ನೆಗಳನ್ನು ಪೇಟ್ರಿಯಟ್ಸ್ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದುದು 2007ರಲ್ಲಿ ಬಯಲಾಗುತ್ತಿತ್ತೋ ಇಲ್ಲವೋ. ಆದರೆ ಈ ವಾದವನ್ನು ನಿಯಮದ ಪಕ್ಕದಲ್ಲಿಟ್ಟು ನೋಡಿ. ಋತು ಮುಗಿದ ಮೇಲೆ ಮುಖ್ಯ ಕೋಚ್ ಹುದ್ದೆಗೆ ಹೋಗುವ ಕೋಆರ್ಡಿನೇಟರ್‌ನನ್ನು ಯಾವ ತಂಡವೂ ತಡೆಯುವಂತಿಲ್ಲ. ತಂಡದ ಇಡೀ ಯೋಜನೆ ಬಲ್ಲವನು ಅವನು. ಅವನಿಗೆ ಬಾಗಿಲು ತೆರೆದಿದೆ. ಓಟಗಾರರಿಗೆ ಹೆಜ್ಜೆ ಕಲಿಸುವ, ಗುಟ್ಟಿನಲ್ಲಿ ಕಾಲುಭಾಗವನ್ನೂ ಅರಿಯದ ಕಿರಿಯ ಕೋಚ್ ಅದೇ ದರ್ಜೆಯ ಹುದ್ದೆಗೆ ಹೊರಟರೆ ಬಾಗಿಲು ಮುಚ್ಚಬಹುದು. ಗುಟ್ಟು ಕಾಯುವುದೇ ಉದ್ದೇಶವಾಗಿದ್ದರೆ ನಿಯಮ ತಲೆಕೆಳಗಾಗಿರುತ್ತಿತ್ತು. ಈ ತಡೆ ನಿಜವಾಗಿ ಕಾಯುವುದು ತಂಡದ ಅನುಕೂಲವನ್ನು. ಅದೂ ಬಲವಿಲ್ಲದವರ ಖರ್ಚಿನಲ್ಲಿ.

ಇಂಥ ಅನುಕೂಲಕ್ಕೆ ತಂಡಗಳು ತೆತ್ತ ಬೆಲೆ ತಿಳಿಯಲು ಸಿನ್ಸಿನಾಟಿಗೆ ಹೋಗಬೇಕು. ಬೆಂಗಾಲ್ಸ್ ತಂಡ ಕಟ್ಟಿದ ಪಾಲ್ ಬ್ರೌನ್ ಈ ಆಟದ ಮಹಾಗುರುಗಳಲ್ಲಿ ಒಬ್ಬರು. ಅವರ ಕೈಕೆಳಗೆ 1968ರಿಂದ ಎಂಟು ಋತುಗಳ ಕಾಲ ಸಹಾಯಕರಾಗಿದ್ದವರು ಬಿಲ್ ವಾಲ್ಶ್. ತೋಳಿನಲ್ಲಿ ಹೆಚ್ಚು ಕಸುವಿಲ್ಲದ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್‌ಗಾಗಿ ವಾಲ್ಶ್ ಚಿಕ್ಕ ಚಿಕ್ಕ, ಕ್ಷಣ ಲೆಕ್ಕ ಹಾಕಿ ಎಸೆಯುವ ಪಾಸ್‌ಗಳ ಹೊಸ ಶೈಲಿಯನ್ನು ರೂಪಿಸಿದರು. ಮುಂದೆ ‘ವೆಸ್ಟ್ ಕೋಸ್ಟ್ ಅಫೆನ್ಸ್’ ಎಂದು ಹೆಸರಾಗಿ ಇಡೀ ಲೀಗನ್ನು ಬದಲಿಸಿದ ಶೈಲಿ ಅದು. 1975ರ ಋತು ಮುಗಿದ ಮೇಲೆ ಬ್ರೌನ್ ತರಬೇತಿಯಿಂದ ನಿವೃತ್ತರಾದಾಗ ಮುಖ್ಯ ಕೋಚ್ ಪಟ್ಟ ವಾಲ್ಶ್‌ಗೆ ಸಿಗಲಿಲ್ಲ. ಇನ್ನೊಬ್ಬ ಸಹಾಯಕ ಬಿಲ್ ಜಾನ್ಸನ್‌ಗೆ ಹೋಯಿತು. ತಮಗೆ ಬೇರೆ ತಂಡಗಳಿಂದ ಅವಕಾಶಗಳು ಬಂದಿದ್ದವೆಂಬುದೇ ತಮಗೆ ತಿಳಿದಿರಲಿಲ್ಲ, ಬಿಟ್ಟು ಹೊರಟಾಗಲೂ ಬ್ರೌನ್ ಬೇರೆಯವರಿಗೆ ಕರೆ ಮಾಡಿ ತಮಗೆ ಅಡ್ಡಗಾಲು ಹಾಕಿದರು ಎಂದು ವಾಲ್ಶ್ ಇಳಿವಯಸ್ಸಿನಲ್ಲಿ ದೂರಿದ್ದುಂಟು. ಇದು ವಾಲ್ಶ್ ಹೇಳಿದ ಕಥೆ, ಬ್ರೌನ್ ಆಗ ಬದುಕಿರಲಿಲ್ಲ ಎಂಬುದು ನೆನಪಿರಲಿ. ನಂತರದ್ದು ಮಾತ್ರ ದಾಖಲೆಯಲ್ಲಿದೆ. ಸ್ಯಾನ್ ಡಿಯಾಗೊದಲ್ಲಿ ಒಂದು ವರ್ಷ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ದುಡಿದು 1979ರಲ್ಲಿ ವಾಲ್ಶ್ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಸೇರಿದರು. ಮೂರು ಸೂಪರ್ ಬೌಲ್ ಗೆದ್ದರು. ಅವುಗಳಲ್ಲಿ ಎರಡು, 1982 ಮತ್ತು 1989ರಲ್ಲಿ, ಬೆಂಗಾಲ್ಸ್ ವಿರುದ್ಧವೇ.

ಹೊರಡಲು ಬಿಟ್ಟ ತಂಡದ ಕಥೆಯೂ ಇದೆ. 2018ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಕೋಆರ್ಡಿನೇಟರ್ ಆಗಿದ್ದ ಮ್ಯಾಟ್ ಲಾಫ್ಲರ್, ಟೆನೆಸಿ ಟೈಟನ್ಸ್‌ನಲ್ಲಿ ಅದೇ ಹೆಸರಿನ ಹುದ್ದೆಗೆ ಹೋಗಬಯಸಿದರು. ರ‍್ಯಾಮ್ಸ್‌ನಲ್ಲಿ ನಡೆಗಳನ್ನು ನಿರ್ಧರಿಸುತ್ತಿದ್ದವರು ಮುಖ್ಯ ಕೋಚ್ ಶಾನ್ ಮೆಕ್‌ವೇ. ಟೈಟನ್ಸ್‌ನಲ್ಲಿ ಆ ಅಧಿಕಾರ ಲಾಫ್ಲರ್ ಅವರದೇ ಆಗುತ್ತಿತ್ತು. ರ‍್ಯಾಮ್ಸ್ ಬಿಟ್ಟುಕೊಟ್ಟಿತು. ವರ್ಷ ಕಳೆಯುವುದರೊಳಗೆ ಲಾಫ್ಲರ್ ಗ್ರೀನ್ ಬೇ ಪ್ಯಾಕರ್ಸ್‌ನ ಮುಖ್ಯ ಕೋಚ್. 2021ರ ಜನವರಿಯಲ್ಲಿ ಪ್ಲೇಆಫ್‌ನಲ್ಲಿ ರ‍್ಯಾಮ್ಸ್ ತಂಡವನ್ನು ಸೋಲಿಸಿದ್ದೂ ಪ್ಯಾಕರ್ಸೇ. ನಷ್ಟವಾಗಲಿಲ್ಲ ಎಂದು ಹೇಳಲಾಗದು. ಆದರೆ ಮೆಕ್‌ವೇ ಕೆಳಗೆ ದುಡಿದರೆ ಮೇಲೇರಬಹುದು ಎಂಬ ನಂಬಿಕೆ ಲೀಗಿನ ತುಂಬ ಹರಡಿತು. ಝ್ಯಾಕ್ ಟೇಲರ್, ಬ್ರ್ಯಾಂಡನ್ ಸ್ಟೇಲಿ, ಕೆವಿನ್ ಓಕಾನೆಲ್ ಎಲ್ಲರೂ ಅಲ್ಲಿಂದಲೇ ಮುಖ್ಯ ಕೋಚ್‌ಗಳಾಗಿ ಹೋದರು. ಬುದ್ಧಿವಂತ ಕಿರಿಯರು ಆ ತಂಡದ ಬಾಗಿಲು ತಟ್ಟುವುದು ನಿಲ್ಲಲಿಲ್ಲ, 2022ರ ಫೆಬ್ರುವರಿಯಲ್ಲಿ ರ‍್ಯಾಮ್ಸ್ ಸೂಪರ್ ಬೌಲನ್ನೂ ಗೆದ್ದಿತು.

ಹಾಗಾದರೆ ತಂಡ ಸುಮ್ಮನೆ ಕೈಚೆಲ್ಲಬೇಕೆ? ಬೇಡ. ಋತುವಿನ ನಡುವೆ ಯಾರೂ ಯಾರ ಕೋಚನ್ನೂ ಸೆಳೆಯಬಾರದು, ಈ ಗೆರೆ ಗಟ್ಟಿಯಾಗಿರಲಿ. ಅದರಾಚೆ ಬೀಗಕ್ಕಿಂತ ಬೆಲೆ ನ್ಯಾಯದ ದಾರಿ. ಎನ್‌ಎಫ್‌ಎಲ್‌ಗೆ ಇದು ಹೊಸದೇನಲ್ಲ. 2000ದಲ್ಲಿ ಜೆಟ್ಸ್‌ನ ಒಪ್ಪಂದದಲ್ಲಿದ್ದ ಬೆಲಿಚಿಕ್, ಮುಖ್ಯ ಕೋಚ್ ಆದ ಮರುದಿನವೇ ರಾಜೀನಾಮೆ ಕೊಟ್ಟಾಗ ಲೀಗ್ ಕಮಿಷನರ್ ಒಪ್ಪಂದವನ್ನು ಎತ್ತಿಹಿಡಿದರು. ಆದರೂ ಅವರನ್ನು ಯಾರೂ ಕಟ್ಟಿಹಾಕಲಿಲ್ಲ. ಪೇಟ್ರಿಯಟ್ಸ್, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತನ್ನ ಮೊದಲ ಸುತ್ತಿನ ಆಯ್ಕೆಯನ್ನು ಜೆಟ್ಸ್‌ಗೆ ಕೊಟ್ಟು ಅವರನ್ನು ಪಡೆಯಿತು. 2020ರ ನವೆಂಬರ್‌ನಿಂದ, ಅಲ್ಪಸಂಖ್ಯಾತ ಸಮುದಾಯದ ಸಹಾಯಕರೊಬ್ಬರು ಬೇರೆ ತಂಡದ ಮುಖ್ಯ ಕೋಚ್ ಆದರೆ, ಬೆಳೆಸಿದ ತಂಡಕ್ಕೆ ಲೀಗ್ ಎರಡು ವರ್ಷ ಮೂರನೇ ಸುತ್ತಿನ ಹೆಚ್ಚುವರಿ ಆಯ್ಕೆ ಕೊಡುತ್ತಿದೆ. ರಾಬರ್ಟ್ ಸಲೇಹ್, ಮೈಕ್ ಮ್ಯಾಕ್‌ಡೇನಿಯಲ್, ಡಿಮೆಕೊ ರಯಾನ್ಸ್ ಹೊರಟಾಗ ಫಾರ್ಟಿನೈನರ್ಸ್‌ಗೆ ಈ ಲಾಭ ಸಿಕ್ಕಿತು. ಇದನ್ನು ಎಲ್ಲ ಸಹಾಯಕರಿಗೂ, ಕೆಳಗಿನ ಹುದ್ದೆಗಳಿಗೂ ಹದವರಿತು ವಿಸ್ತರಿಸಬಹುದು.

ನಮ್ಮಲ್ಲೂ ಕಾನೂನು ಹೆಚ್ಚುಕಡಿಮೆ ಇದೇ ಜಾಗಕ್ಕೆ ಬಂದಿದೆ. ಮೂರು ವರ್ಷ ತುಂಬುವ ಮುನ್ನ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕ್‌ನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ತೀರ್ಪಿನ ಬಗ್ಗೆ ತಕರಾರು ಇರಬಹುದು. ಅಲ್ಲಿಯೂ ನೌಕರ ಹಣ ಕಟ್ಟಿ ಹೋಗಬಹುದಿತ್ತು, ಹೋಗಲೇಬೇಡ ಎಂದು ಬ್ಯಾಂಕ್ ಹೇಳುವಂತಿರಲಿಲ್ಲ.

ತಡೆಯುವ ಹಕ್ಕು ಉಳಿಯಲೇಬೇಕು ಎಂದು ಮಾಲೀಕರು ಪಟ್ಟು ಹಿಡಿದರೆ ಅದರ ಭಾರವನ್ನು ಅವರೇ ಹೊರಲಿ. ಹೊಸ ತಂಡ ಕೊಡಲಿದ್ದ ಸಂಬಳವನ್ನು ಹಳೆಯ ತಂಡ ಅಂದಿನಿಂದಲೇ ಕೊಡಲಿ, ಒಂದು ಒಪ್ಪಂದದಲ್ಲಿ ಒಮ್ಮೆ ಮಾತ್ರ ತಡೆಯುವಂತಾಗಲಿ. ಇದೆಲ್ಲಕ್ಕಿಂತ ಮೊದಲು, ಯಾವ ತಂಡ ಯಾವ ಹುದ್ದೆಗೆ ಕೇಳಿತು ಎಂಬುದು ಆ ಕೋಚ್‌ಗೆ ಅದೇ ದಿನ ಲಿಖಿತವಾಗಿ ತಿಳಿಯಲಿ. ಆಟಗಾರರಿಗೆ ಬಲವಾದ ಸಂಘವಿದೆ. ನ್ಯಾಯಾಲಯದಲ್ಲಿ ಹೋರಾಡಿ 1993ರಲ್ಲಿ ಅವರು ತಂಡ ಬದಲಿಸುವ ಹಕ್ಕು ಪಡೆದರು. ಕೋಚ್‌ಗಳ ಪರವಾಗಿ ಮಾಲೀಕರೊಂದಿಗೆ ಚೌಕಾಸಿಗೆ ಕೂರುವ ಅಂಥ ಸಂಘವಿಲ್ಲ. ಹೀಗಾಗಿ ನಿಯಮ ಬದಲಾಗಬೇಕಾದರೆ ಮಾಲೀಕರ ಸಭೆಯಲ್ಲೇ ಬದಲಾಗಬೇಕು, 32ರಲ್ಲಿ 24 ಮತ ಬೇಕು. ಕೋಚ್‌ಗೆ ಬಂದ ಕರೆಯನ್ನು ಕೋಚ್‌ಗೆ ತಿಳಿಸುವ ನಿಯಮಕ್ಕೆ ಯಾವ ತಂಡವೂ ಒಂದು ಡಾಲರ್ ಖರ್ಚು ಮಾಡಬೇಕಿಲ್ಲ. ಮಾರ್ಚ್‌ನ ವಾರ್ಷಿಕ ಸಭೆಯಲ್ಲಿ ಅದನ್ನೇ ಮೊದಲು ಮತಕ್ಕೆ ಹಾಕಲಿ.